ಎಂಟು ದಿನ, ಮೂವರು ಅಧ್ಯಕ್ಷರು: ಪೆರುವಿನ 2020–21ರ ಬಿಕ್ಕಟ್ಟು ಮತ್ತು ಚುನಾವಣೆ

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. 2020ರ ನವೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ಪೆರು ದೇಶ ಒಂದೇ ವಾರದಲ್ಲಿ ಮೂವರು ಅಧ್ಯಕ್ಷರನ್ನು ಕಂಡಿತೆಂದು ಓದಿದೆ. ಅಧ್ಯಕ್ಷೀಯ ಪದ್ಧತಿ ಇರುವ ದೇಶದಲ್ಲಿ ಸಂಸತ್ತು ಅಧ್ಯಕ್ಷರನ್ನು ಇಷ್ಟು ಸಲೀಸಾಗಿ ಇಳಿಸಲು ಹೇಗೆ ಸಾಧ್ಯವಾಯಿತು? ಮರುವರ್ಷ ಹಳ್ಳಿಯ ಶಾಲಾ ಮೇಷ್ಟ್ರೊಬ್ಬರು ಅಧ್ಯಕ್ಷರಾದದ್ದು ಈ ಗಲಭೆಯ ಫಲವೇ? ಇಳಿಸಲಾದ ಅಧ್ಯಕ್ಷರ ಮೇಲಿನ ಆರೋಪ ಕೊನೆಗೆ ನಿಜವಾಗಿತ್ತೇ?

ಉತ್ತರ: ನೀವು ಕೇಳಿರುವ ಮೂರರಲ್ಲಿ ಕೊನೆಯದೇ ಹೆಚ್ಚು ತೊಡಕಿನದು, ಮೊದಲ ಎರಡಕ್ಕೆ ಉತ್ತರ ಸಿಗದೆ ಅದನ್ನು ಮುಟ್ಟುವಂತಿಲ್ಲ. ಮೊದಲಿಗೆ ದಿನಾಂಕಗಳನ್ನು ನೋಡೋಣ. 2020ರ ನವೆಂಬರ್ 9ರ ಸೋಮವಾರ ರಾತ್ರಿ ಸಂಸತ್ತು ಅಧ್ಯಕ್ಷ ಮಾರ್ಟಿನ್ ವಿಸ್ಕಾರಾ ಅವರನ್ನು ಪದಚ್ಯುತಗೊಳಿಸಿತು. ಮರುದಿನ ಸಂಸತ್ತಿನ ಸಭಾಧ್ಯಕ್ಷರಾಗಿದ್ದ ಮಾನ್ವೆಲ್ ಮೆರಿನೋ ಅಧಿಕಾರ ಸ್ವೀಕರಿಸಿ, ನವೆಂಬರ್ 15ರ ಭಾನುವಾರ ರಾಜೀನಾಮೆ ಕೊಟ್ಟರು. ನವೆಂಬರ್ 17ರ ಮಂಗಳವಾರ ಫ್ರಾನ್ಸಿಸ್ಕೋ ಸಗಾಸ್ತಿ ಪ್ರಮಾಣವಚನ ಸ್ವೀಕರಿಸಿದರು. ನಡುವೆ ಒಂದು ದಿನಕ್ಕೂ ಹೆಚ್ಚು ಕಾಲ ದೇಶಕ್ಕೆ ಅಧ್ಯಕ್ಷರೇ ಇರಲಿಲ್ಲ. ಅಲ್ಲಿನ ಶಾಸನಸಭೆಯ ಹೆಸರು ‘ಕಾಂಗ್ರೆಸ್’. ನಮ್ಮ ಓದುಗರಿಗೆ ಆ ಹೆಸರು ಒಂದು ಪಕ್ಷವನ್ನು ನೆನಪಿಸುವುದರಿಂದ ಇಲ್ಲಿ ಸಂಸತ್ತು ಎಂದೇ ಬರೆಯುತ್ತೇನೆ.

ಪೆರುವಿನಲ್ಲಿ ಈಗ ಜಾರಿಯಲ್ಲಿರುವ ಸಂವಿಧಾನ 1993ರದ್ದು. ಅದರ ಹಿಂದಿನ ವರ್ಷದ ಏಪ್ರಿಲ್ 5ರಂದು ಅಧ್ಯಕ್ಷ ಆಲ್ಬರ್ತೋ ಫುಜಿಮೋರಿ ಸೇನೆಯ ಬೆಂಬಲದಿಂದ ಸಂಸತ್ತನ್ನೇ ಮುಚ್ಚಿಸಿ, ಬಳಿಕ ತಮಗೆ ಬೇಕಾದಂತೆ ಈ ಹೊಸ ಸಂವಿಧಾನವನ್ನು ಬರೆಸಿದರು. ಎರಡು ಸದನಗಳಿದ್ದ ಸಂಸತ್ತು ಅಲ್ಲಿಂದ ಮುಂದೆ ಒಂದೇ ಸದನದ್ದಾಯಿತು. 2020ರಲ್ಲಿ ಆ ಸದನದ ಸದಸ್ಯಬಲ 130 ಆಗಿತ್ತು. ಪದ್ಧತಿ ಹೆಸರಿಗೆ ಅಧ್ಯಕ್ಷೀಯವಾದರೂ ಅದರೊಳಗೆ ಸಂಸದೀಯ ಪದ್ಧತಿಯ ಭಾಗಗಳು ಧಾರಾಳವಾಗಿ ಬೆರೆತಿವೆ. ಅಧ್ಯಕ್ಷರು ನೇಮಿಸುವ ಪ್ರಧಾನಮಂತ್ರಿ ತಮ್ಮ ಸಂಪುಟದೊಂದಿಗೆ ಸಂಸತ್ತಿನ ವಿಶ್ವಾಸಮತ ಆಗ ಪಡೆಯಲೇಬೇಕಿತ್ತು. ಒಂದು ಅಧ್ಯಕ್ಷೀಯ ಅವಧಿಯಲ್ಲಿ ಸಂಸತ್ತು ಎರಡು ಸಂಪುಟಗಳಿಗೆ ವಿಶ್ವಾಸ ನಿರಾಕರಿಸಿದರೆ, 134ನೇ ವಿಧಿಯಂತೆ ಅಧ್ಯಕ್ಷರು ಸಂಸತ್ತನ್ನು ವಿಸರ್ಜಿಸಿ ಹೊಸ ಚುನಾವಣೆಗೆ ಕರೆ ಕೊಡಬಹುದಿತ್ತು. ಸಂಸತ್ತಿನ ಕೈಯಲ್ಲಿರುವ ಅಸ್ತ್ರ 113ನೇ ವಿಧಿ. ಅಧ್ಯಕ್ಷ ಸ್ಥಾನ ಯಾವಾಗ ತೆರವಾಗುತ್ತದೆ ಎಂದು ಹೇಳುವ ಆ ವಿಧಿ ಮರಣ, ರಾಜೀನಾಮೆ, ಅನುಮತಿಯಿಲ್ಲದೆ ದೇಶ ತೊರೆಯುವುದು ಮುಂತಾದ ಕಾರಣಗಳ ಜೊತೆಗೆ, ‘ಶಾಶ್ವತವಾದ ದೈಹಿಕ ಅಥವಾ ನೈತಿಕ ಅಸಮರ್ಥತೆ’ಯನ್ನೂ ಒಂದು ಕಾರಣವಾಗಿ ಪಟ್ಟಿ ಮಾಡುತ್ತದೆ, ಆ ಅಸಮರ್ಥತೆಯನ್ನು ಘೋಷಿಸಬೇಕಾದದ್ದು ಸಂಸತ್ತೇ.

ಇಕ್ಕಟ್ಟು ಇರುವುದು ಆ ‘ನೈತಿಕ’ ಎಂಬ ಪದದಲ್ಲಿ. ಹತ್ತೊಂಬತ್ತನೇ ಶತಮಾನದ ಸಂವಿಧಾನಗಳಿಂದ ಇಳಿದು ಬಂದ ಈ ಮಾತಿಗೆ ಮೂಲದಲ್ಲಿ ಬುದ್ಧಿಭ್ರಮಣೆಯೆಂಬ ಅರ್ಥವಿತ್ತೆಂದು ಅಲ್ಲಿನ ಹಲವು ಸಂವಿಧಾನ ತಜ್ಞರು ವಾದಿಸುತ್ತಾರೆ. ಸಂಸದರು ಅದನ್ನು ನಡತೆಗೆಟ್ಟವರು ಎಂಬ ಅರ್ಥದಲ್ಲಿ ಬಳಸುತ್ತಾರೆ. ಭಾರತದ ರಾಷ್ಟ್ರಪತಿಯನ್ನು ಇಳಿಸಬೇಕಾದರೆ 61ನೇ ವಿಧಿ ಸಂವಿಧಾನದ ಉಲ್ಲಂಘನೆಯನ್ನೇ ತೋರಿಸುವಂತೆ ಕೇಳುತ್ತದೆ. ಒಂದು ಸದನ ಆರೋಪ ಹೊರಿಸಿದರೆ ಇನ್ನೊಂದು ಸದನ ತನಿಖೆ ನಡೆಸಬೇಕು. 2020ರ ಪೆರುವಿನಲ್ಲಿ ಆರೋಪ ಹೊರಿಸುವುದು, ವಿಚಾರಿಸುವುದು, ತೀರ್ಪು ಕೊಡುವುದು ಎಲ್ಲವೂ ಆ ಒಂದೇ ಸದನವಾಗಿತ್ತು. 26 ಸದಸ್ಯರು ಸಹಿ ಹಾಕಿದರೆ ನಿರ್ಣಯ ಮಂಡನೆಯಾಗುತ್ತಿತ್ತು. 87 ಮತ ಬಿದ್ದರೆ, ಎಂದರೆ ಸದಸ್ಯಬಲದ ಮೂರನೇ ಎರಡು ಭಾಗ ಒಪ್ಪಿದರೆ, ಅಧ್ಯಕ್ಷರು ಮನೆಗೆ. ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯುತ್ತಿತ್ತು.

ಈ ವಿಧಿ ಹಿಂದೆಯೂ ಇತ್ತು, ಆದರೆ ಬಹುಕಾಲ ಅದನ್ನು ಯಾರೂ ಮುಟ್ಟಿರಲಿಲ್ಲ. 2000ದ ನವೆಂಬರ್‌ನಲ್ಲಿ ಫುಜಿಮೋರಿ ಜಪಾನಿಗೆ ಹೋಗಿ ಅಲ್ಲಿಂದ ಫ್ಯಾಕ್ಸ್ ಮೂಲಕ ರಾಜೀನಾಮೆ ಕಳುಹಿಸಿದಾಗ, ಸಂಸತ್ತು ಅದನ್ನು ಒಪ್ಪಿಕೊಳ್ಳದೆ ಇದೇ ವಿಧಿಯಡಿ ಅವರನ್ನು ತೆಗೆದುಹಾಕಿತು. ಆ ಬಳಿಕ ಬಂದ ಟೊಲೆಡೋ, ಗಾರ್ಸಿಯಾ, ಹುಮಾಲಾ ಮೂವರಿಗೂ ಸ್ವಂತ ಬಹುಮತ ಇರಲಿಲ್ಲ; ಆದರೂ ಮೂವರೂ ತಲಾ ಐದು ವರ್ಷ ಪೂರೈಸಿದರು. ಆದ್ದರಿಂದ ತಪ್ಪನ್ನೆಲ್ಲ ಸಂವಿಧಾನದ ಮೇಲೆ ಹೊರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಬದಲಾದದ್ದು ಆ ಅಸ್ತ್ರವನ್ನು ಹಿಡಿದವರ ಸ್ಥಿತಿ.

2016ರಲ್ಲಿ ಪೆದ್ರೋ ಪಾಬ್ಲೋ ಕುಚಿನ್ಸ್ಕಿ ಅವರು ಫುಜಿಮೋರಿಯವರ ಮಗಳು ಕೇಕೋ ಫುಜಿಮೋರಿಯನ್ನು ಸುಮಾರು 41,000 ಮತಗಳಿಂದ ಸೋಲಿಸಿದರು. ಆದರೆ ಸಂಸತ್ತಿನಲ್ಲಿ ಕೇಕೋ ಪಕ್ಷಕ್ಕೆ 130ರಲ್ಲಿ 73 ಸ್ಥಾನಗಳು ಸಿಕ್ಕವು. ಅಧ್ಯಕ್ಷ ಪದವಿ ಕೂದಲೆಳೆಯಲ್ಲಿ ಕೈತಪ್ಪಿದ್ದರೂ ಸಂಸತ್ತು ಪೂರ್ತಿಯಾಗಿ ಕೈಗೆ ಬಂದಿದ್ದ ಆ ಪಕ್ಷ, ಒಬ್ಬರ ಹಿಂದೆ ಒಬ್ಬರಂತೆ ಮಂತ್ರಿಗಳನ್ನು ಇಳಿಸತೊಡಗಿತು. ಬ್ರೆಜಿಲ್‌ನ ನಿರ್ಮಾಣ ಕಂಪನಿ ಒಡೆಬ್ರೆಕ್ಟ್ ಲ್ಯಾಟಿನ್ ಅಮೆರಿಕದಾದ್ಯಂತ ಹಂಚಿದ್ದ ಲಂಚದ ಕಡತಗಳು ಅದೇ ಹೊತ್ತಿಗೆ ತೆರೆದುಕೊಂಡವು. 2017ರ ಡಿಸೆಂಬರ್‌ನಲ್ಲಿ ಕುಚಿನ್ಸ್ಕಿ ವಿರುದ್ಧದ ಮೊದಲ ನಿರ್ಣಯ ಬಿದ್ದುಹೋಯಿತು. ಎರಡನೆಯದು ಬರುತ್ತಿರುವಾಗ, 2018ರ ಮಾರ್ಚ್‌ನಲ್ಲಿ, ಅವರೇ ರಾಜೀನಾಮೆ ಕೊಟ್ಟರು. ಉಪಾಧ್ಯಕ್ಷರಾಗಿದ್ದ ವಿಸ್ಕಾರಾ ಅಧ್ಯಕ್ಷರಾದರು.

ವಿಸ್ಕಾರಾ ಅವರಿಗೆ ಸಂಸತ್ತಿನಲ್ಲಿ ಪಕ್ಷದ ಬಲ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಜನಪ್ರಿಯತೆ ಮಾತ್ರ ಧಾರಾಳವಾಗಿತ್ತು. ಆ ಬಲದಿಂದಲೇ 2018ರ ಡಿಸೆಂಬರ್‌ನಲ್ಲಿ ಜನಮತಗಣನೆ ನಡೆಸಿ, ಸಂಸದರು ಸತತ ಎರಡನೇ ಬಾರಿಗೆ ಆಯ್ಕೆಯಾಗದಂತೆ ಸಂವಿಧಾನವನ್ನು ತಿದ್ದಿಸಿದರು. 2019ರ ಸೆಪ್ಟೆಂಬರ್ 30ರಂದು, ಸಾಂವಿಧಾನಿಕ ನ್ಯಾಯಮಂಡಳಿಗೆ ನ್ಯಾಯಾಧೀಶರನ್ನು ನೇಮಿಸುವ ವಿಷಯದಲ್ಲಿ ಸಂಸತ್ತು ತಮಗೆ ‘ವಾಸ್ತವವಾಗಿ’ ವಿಶ್ವಾಸ ನಿರಾಕರಿಸಿದೆ ಎಂದು ವ್ಯಾಖ್ಯಾನಿಸಿ ಅದನ್ನು ವಿಸರ್ಜಿಸಿಯೂ ಬಿಟ್ಟರು. ಜನ ಸಂಭ್ರಮಿಸಿದರು, ನ್ಯಾಯಮಂಡಳಿಯೂ ಮುಂದೆ ಈ ಕ್ರಮವನ್ನು ಎತ್ತಿಹಿಡಿಯಿತು. ಆದರೆ ಸಂವಿಧಾನದ ಪದಗಳನ್ನು ತಮಗೆ ಅನುಕೂಲವಾಗುವಂತೆ ಹಿಗ್ಗಿಸಿಕೊಳ್ಳಬಹುದೆಂಬ ದಾರಿಯನ್ನು ವಿಸ್ಕಾರಾ ಕೂಡ ತೋರಿಸಿದರು ಎಂಬುದನ್ನು, ಅವರ ಅಭಿಮಾನಿಗಳಿಗೆ ಇಷ್ಟವಾಗದಿದ್ದರೂ, ಹೇಳಲೇಬೇಕು.

2020ರ ಜನವರಿಯಲ್ಲಿ ಆಯ್ಕೆಯಾದ ಹೊಸ ಸಂಸತ್ತು ಒಂಬತ್ತು ಪಕ್ಷಗಳಲ್ಲಿ ಹಂಚಿಹೋಗಿತ್ತು. ಅತಿ ದೊಡ್ಡ ಪಕ್ಷವೆನಿಸಿದ ಆಕ್ಸಿಯೋನ್ ಪಾಪುಲಾರ್‌ಗೇ ಇದ್ದದ್ದು 25 ಸ್ಥಾನ. ವಿಚಿತ್ರವೆಂದರೆ, ಆ ಚುನಾವಣೆಯಲ್ಲಿ ವಿಸ್ಕಾರಾ ತಮ್ಮದೆಂದು ಒಂದು ಅಭ್ಯರ್ಥಿಪಟ್ಟಿಯನ್ನೂ ನಿಲ್ಲಿಸಲಿಲ್ಲ. ಹೀಗಾಗಿ ಸಂಸತ್ತನ್ನು ವಿಸರ್ಜಿಸಿ ಗೆದ್ದವರಿಗೆ ಹೊಸ ಸಂಸತ್ತಿನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ಇತ್ತ ಈ ಸಂಸದರ ಅವಧಿ ಒಂದೂವರೆ ವರ್ಷ ಮಾತ್ರ, ಮತ್ತೆ ನಿಲ್ಲುವಂತೆಯೂ ಇಲ್ಲ. ಮತದಾರರ ಮುಂದೆ ಇನ್ನೊಮ್ಮೆ ಕೈಮುಗಿದು ನಿಲ್ಲಬೇಕಿಲ್ಲದವರಿಗೆ ಜನಾಭಿಪ್ರಾಯದ ಹೆದರಿಕೆ ಎಲ್ಲಿಂದ ಬರಬೇಕು? ಇದರ ಜೊತೆಗೆ ಖಾಸಗಿ ವಿಶ್ವವಿದ್ಯಾಲಯಗಳ ಒಡೆಯರೇ ನಾಯಕರಾಗಿದ್ದ ಪಕ್ಷಗಳೂ ಸದನದಲ್ಲಿದ್ದವು. ಗುಣಮಟ್ಟವಿಲ್ಲದ ವಿಶ್ವವಿದ್ಯಾಲಯಗಳಿಗೆ ಪರವಾನಗಿ ನಿರಾಕರಿಸುತ್ತಿದ್ದ ಸರ್ಕಾರಿ ಸಂಸ್ಥೆಯ ಮೇಲೆ ಅವರಿಗೆ ಮುನಿಸಿತ್ತು.

ಮೊದಲ ಪ್ರಯತ್ನ ಸೆಪ್ಟೆಂಬರ್ 18ರಂದು ನಡೆಯಿತು. ಗಾಯಕರೊಬ್ಬರಿಗೆ ಸಂಸ್ಕೃತಿ ಸಚಿವಾಲಯ ಕೊಟ್ಟ ಗುತ್ತಿಗೆಗಳ ವಿಚಾರದಲ್ಲಿ ಅಧ್ಯಕ್ಷರು ತಮ್ಮ ಸಿಬ್ಬಂದಿಯೊಂದಿಗೆ ಆಡಿದ ಮಾತಿನ ಧ್ವನಿಮುದ್ರಿಕೆ ಹೊರಬಂದಿತ್ತು. ಆದರೂ ನಿರ್ಣಯದ ಪರ ಬಿದ್ದದ್ದು ಬರೀ 32 ಮತ. ಎರಡು ತಿಂಗಳೊಳಗೆ ಎರಡನೇ ನಿರ್ಣಯ ಬಂದಿತು. ವಿಸ್ಕಾರಾ ದಕ್ಷಿಣದ ಮೊಕೇಗ್ವಾ ಪ್ರಾಂತ್ಯದ ಗವರ್ನರ್ ಆಗಿದ್ದಾಗ, 2011ರಿಂದ 2014ರ ನಡುವೆ, ‘ಲೋಮಾಸ್ ದೆ ಇಲೋ’ ನೀರಾವರಿ ಯೋಜನೆ ಮತ್ತು ಒಂದು ಆಸ್ಪತ್ರೆಯ ಕಾಮಗಾರಿಯಲ್ಲಿ ಗುತ್ತಿಗೆದಾರರಿಂದ ಲಂಚ ಪಡೆದಿದ್ದರೆಂದು, ಶಿಕ್ಷೆ ಕಡಿತದ ಆಸೆಯಿಂದ ತನಿಖೆಗೆ ಸಹಕರಿಸುತ್ತಿದ್ದ ಕೆಲವರು ಹೇಳಿಕೆ ಕೊಟ್ಟಿದ್ದರು. ಆ ಹೇಳಿಕೆಗಳು ಪತ್ರಿಕೆಗಳಿಗೆ ಸೋರಿಕೆಯಾದವು. ನವೆಂಬರ್ 9ರಂದು ಸದನಕ್ಕೆ ಬಂದ ವಿಸ್ಕಾರಾ, ಕ್ರಿಮಿನಲ್ ತನಿಖೆ ಎದುರಿಸುತ್ತಿರುವ 68 ಸಂಸದರು ಇಲ್ಲೇ ಕುಳಿತಿದ್ದೀರಿ, ನಿಮಗೂ ಇದೇ ನ್ಯಾಯವೇ ಎಂಬರ್ಥದಲ್ಲಿ ಕೇಳಿದರು. ಆ ಮಾತಿನಿಂದ ಅವರು ಮತ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚೆಂದು ಕಾಣುತ್ತದೆ. ನಿರ್ಣಯದ ಪರ 105, ವಿರುದ್ಧ 19, ತಟಸ್ಥರು 4. ಒಂದು ಗುಂಪಾಗಿ ವಿರೋಧಿಸಿದ್ದು ‘ಪಾರ್ತಿದೋ ಮೊರಾದೋ’ ಎಂಬ ಚಿಕ್ಕ ಪಕ್ಷ ಮಾತ್ರ.

ಏಪ್ರಿಲ್ ಚುನಾವಣೆಗೆ ಐದೇ ತಿಂಗಳಿದ್ದವು, ದಿನಾಂಕವೂ ಘೋಷಣೆಯಾಗಿತ್ತು, ವಿಸ್ಕಾರಾ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತೆಯೂ ಇರಲಿಲ್ಲ. ತನಿಖೆ ಮುಂದುವರಿಯಲಿ, ಅಲ್ಲಿಯವರೆಗೆ ಅವರೇ ಇರಲಿ ಎಂದು ಹತ್ತರಲ್ಲಿ ಏಳೆಂಟು ಜನ ಸಮೀಕ್ಷೆಗಳಲ್ಲಿ ಹೇಳಿದ್ದರು. ಕೋವಿಡ್‌ನಿಂದ ಬಸವಳಿದಿದ್ದ ದೇಶ ಅದು. ಆಮ್ಲಜನಕದ ಸಿಲಿಂಡರ್ ತುಂಬಿಸಿಕೊಳ್ಳಲು ಜನ ರಾತ್ರಿಯಿಡೀ ಸಾಲುಗಟ್ಟಿ ನಿಂತಿದ್ದರು, 2020ರಲ್ಲಿ ಆರ್ಥಿಕತೆ ಶೇ. 11ರಷ್ಟು ಕುಸಿಯಿತು. ಅಂಥ ಹೊತ್ತಿನಲ್ಲಿ ಈ ಪದಚ್ಯುತಿ ಜನರ ಕಣ್ಣಿಗೆ ಅಧಿಕಾರದ ಕಬಳಿಕೆಯಾಗಿಯೇ ಕಂಡಿತು. ನಿರ್ಣಯದ ದಿನವೇ ಸಂಸತ್ ಭವನದಲ್ಲಿ ಪತ್ರಕರ್ತರೊಂದಿಗೆ ಮಾತನಾಡುತ್ತಿದ್ದ ಆಕ್ಸಿಯೋನ್ ಪಾಪುಲಾರ್ ಸಂಸದರೊಬ್ಬರ ಮುಖಕ್ಕೆ ಯುವಕನೊಬ್ಬ ಗುದ್ದಿದ. ಆತನ ತಂದೆ ಕೋವಿಡ್‌ನಿಂದ ತೀರಿಕೊಂಡಿದ್ದರು.

ಮುಂದಿನ ಐದು ದಿನ ಲಿಮಾದಲ್ಲಷ್ಟೇ ಅಲ್ಲ, ದೇಶದ ಹಲವು ಊರುಗಳಲ್ಲೂ ಜನ ಬೀದಿಗಿಳಿದರು. ಸಂಜೆಯಾದರೆ ಕಿಟಕಿ, ಬಾಲ್ಕನಿಗಳಿಂದ ಪಾತ್ರೆ ಬಡಿಯುವ ಸದ್ದು. ಈ ಚಳವಳಿಗೆ ಪಕ್ಷವಿರಲಿಲ್ಲ, ನಾಯಕನಿರಲಿಲ್ಲ. ಟಿಕ್‌ಟಾಕ್, ವಾಟ್ಸಾಪ್‌ಗಳೇ ಕರಪತ್ರಗಳಾಗಿದ್ದವು. ಮುಂಚೂಣಿಯಲ್ಲಿ ಕೆಲವು ಗುಂಪುಗಳು ಕೈಗವಸು ತೊಟ್ಟು, ಬೀಳುತ್ತಿದ್ದ ಅಶ್ರುವಾಯು ಶೆಲ್‌ಗಳನ್ನು ಎತ್ತಿ ಅಡುಗೆ ಸೋಡಾ ಬೆರೆಸಿದ ನೀರಿನ ಕ್ಯಾನುಗಳಲ್ಲಿ ಮುಳುಗಿಸಿ ಆರಿಸುತ್ತಿದ್ದವು. ನವೆಂಬರ್ 14ರ ಶನಿವಾರ ರಾತ್ರಿ ಲಿಮಾದ ಅಬಾನ್ಕಾಯ್ ರಸ್ತೆಯ ಬಳಿ ಇಬ್ಬರು ಯುವಕರು ಪೊಲೀಸರ ಗುಂಡಿಗೆ ಬಲಿಯಾದರು. ಒಬ್ಬರಿಗೆ 24 ವರ್ಷ, ಇನ್ನೊಬ್ಬರಿಗೆ 22. ಬೆಳಗಾಗುವುದರೊಳಗೆ ಹೆಚ್ಚಿನ ಮಂತ್ರಿಗಳು ರಾಜೀನಾಮೆ ಕೊಟ್ಟಿದ್ದರು; ಮಧ್ಯಾಹ್ನದ ಹೊತ್ತಿಗೆ ಮೆರಿನೋ ಕೂಡ ಹೋದರು.

ಇಷ್ಟಾದ ಮೇಲೆ ಸಂಸತ್ತಿಗೆ ಉಳಿದ ದಾರಿ ಒಂದೇ: ಪದಚ್ಯುತಿಗೆ ಮತ ಹಾಕದವರಲ್ಲಿ ಒಬ್ಬರನ್ನು ಸಭಾಧ್ಯಕ್ಷರನ್ನಾಗಿಸಿ, ಆ ಮೂಲಕ ದೇಶದ ಅಧ್ಯಕ್ಷರನ್ನಾಗಿಸುವುದು. ಹಾಗೆ ಬಂದವರು ಪಾರ್ತಿದೋ ಮೊರಾದೋದ ಸಗಾಸ್ತಿ. ಎಂಜಿನಿಯರ್, ಹಿಂದೆ ವಿಶ್ವಬ್ಯಾಂಕಿನಲ್ಲಿದ್ದವರು, 1996ರಲ್ಲಿ ಲಿಮಾದ ಜಪಾನಿ ರಾಯಭಾರಿಯ ನಿವಾಸಕ್ಕೆ ಬಂಡುಕೋರರು ನುಗ್ಗಿದಾಗ ಒತ್ತೆಯಾಳುಗಳಲ್ಲೊಬ್ಬರು. ಅವರ ಎಂಟು ತಿಂಗಳ ಆಡಳಿತದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ: ಲಸಿಕೆ ತರಿಸಿದರು, ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸಿದರು, ಅಧಿಕಾರ ಹಸ್ತಾಂತರಿಸಿ ಹೋದರು. ಪೆರುವಿನ ಈಚಿನ ಚರಿತ್ರೆಯಲ್ಲಿ ಇದು ಸಣ್ಣ ಸಾಧನೆಯೇನಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 2021ರ ಏಪ್ರಿಲ್ 11ರ ಮೊದಲ ಸುತ್ತಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ 18 ಅಭ್ಯರ್ಥಿಗಳಿದ್ದರು. ಸಿಂಧು ಮತಗಳಲ್ಲಿ ಶೇ. 18.9 ಪಡೆದು ಪೆದ್ರೋ ಕಾಸ್ತಿಯೋ ಮೊದಲಿಗರಾದರು; ಶೇ. 13.4 ಪಡೆದ ಕೇಕೋ ಫುಜಿಮೋರಿ ಎರಡನೆಯವರು. ಪೆರುವಿನಲ್ಲಿ ಮತದಾನ ಕಡ್ಡಾಯ, ತಪ್ಪಿಸಿದರೆ ದಂಡ. ಯಾರೂ ಬೇಡವೆನ್ನುವವರು ಖಾಲಿ ಮತಪತ್ರ ಹಾಕಿ ಬರುತ್ತಾರೆ. ಆ ದಿನ ಬಿದ್ದ ಖಾಲಿ ಮತಪತ್ರಗಳು ಸುಮಾರು 22 ಲಕ್ಷ, ಕೇಕೋಗೆ ಬಿದ್ದ ಮತಗಳು ಸುಮಾರು 19 ಲಕ್ಷ. ಒಟ್ಟು ಅಂಕಿಸಂಖ್ಯೆಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದು.

ಕಾಸ್ತಿಯೋ ಉತ್ತರದ ಕಹಮಾರ್ಕಾ ಪ್ರಾಂತ್ಯದ ಚೋತಾ ಸೀಮೆಯ ಪ್ರಾಥಮಿಕ ಶಾಲಾ ಶಿಕ್ಷಕರು. ಊರ ಕಾವಲಿಗೆ ರೈತರೇ ಕಟ್ಟಿಕೊಂಡ ‘ರೋಂಡಾ’ ಪಡೆಯ ಸದಸ್ಯರಾಗಿದ್ದವರು, 2017ರ ಶಿಕ್ಷಕರ ಮುಷ್ಕರದ ಮುಂದಾಳು. ಅವರನ್ನು ನಿಲ್ಲಿಸಿದ ‘ಪೆರು ಲಿಬ್ರೆ’ ಎಡಪಂಥೀಯ ಪಕ್ಷ, ಚಿಹ್ನೆ ಪೆನ್ಸಿಲ್, ಸಿರಿವಂತ ದೇಶದಲ್ಲಿ ಇನ್ನು ಬಡವರಿರಬಾರದು ಎಂಬುದು ಘೋಷಣೆ. ಅಗಲ ಅಂಚಿನ ಹುಲ್ಲಿನ ಟೊಪ್ಪಿ ಅವರ ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ಮೊದಲ ಸುತ್ತಿನ ರಾತ್ರಿ ಅಂತರರಾಷ್ಟ್ರೀಯ ಸುದ್ದಿವಾಹಿನಿಯೊಂದು ಮುಂಚೂಣಿ ಅಭ್ಯರ್ಥಿಗಳ ಚಿತ್ರ ತೋರಿಸುವಾಗ ಅವರದೊಂದು ಫೋಟೊ ಕೂಡ ಸಿಗದೆ ಬರೀ ಕಪ್ಪು ಆಕೃತಿಯನ್ನು ಹಾಕಿತ್ತು. ರಾಜಧಾನಿ ಅವರನ್ನು ಅಷ್ಟರಮಟ್ಟಿಗೆ ಕಡೆಗಣಿಸಿತ್ತು.

ಹಾಗಾದರೆ ಇದು ನವೆಂಬರ್ ಗಲಭೆಯ ಫಲವೇ? ನೇರ ಫಲವೆಂದು ನಾನು ಒಪ್ಪುವುದಿಲ್ಲ. ಹಾಗಿದ್ದಿದ್ದರೆ ಪದಚ್ಯುತಿಯನ್ನು ವಿರೋಧಿಸಿದ ಪಾರ್ತಿದೋ ಮೊರಾದೋಗೆ ಲಾಭವಾಗಬೇಕಿತ್ತು. ಅದರ ಅಭ್ಯರ್ಥಿಗೆ ಶೇ. 3ರಷ್ಟೂ ಮತ ಬರಲಿಲ್ಲ. ಮೆರಿನೋ ಅವರ ಪಕ್ಷವಾದ ಆಕ್ಸಿಯೋನ್ ಪಾಪುಲಾರ್ ನೆಲಕಚ್ಚಬೇಕಿತ್ತು. ಅದರ ಅಭ್ಯರ್ಥಿ ಯೊನ್ಹಿ ಲೆಸ್ಕಾನೋ ತಿಂಗಳುಗಟ್ಟಲೆ ಸಮೀಕ್ಷೆಗಳಲ್ಲಿ ಮುಂದಿದ್ದು ಕೊನೆಗೆ ಐದನೆಯವರಾದರು. ಬೀದಿಯ ಸಿಟ್ಟನ್ನು ಮತವಾಗಿ ಮಾರ್ಪಡಿಸುವ ಪಕ್ಷವೇ ಅಲ್ಲಿರಲಿಲ್ಲ. ಕಾಸ್ತಿಯೋಗೆ ಬಲ ತಂದದ್ದು ಅದಕ್ಕಿಂತ ಹಳೆಯದಾದ ಸಿಟ್ಟು, ಗಣಿಯ ಸಂಪತ್ತು ಹೊರಗೆ ಹೋಗಿ ಊರಿಗೆ ಆಸ್ಪತ್ರೆಯೂ ಬಾರದ ಆಂಡೀಸ್ ಬೆಟ್ಟಸೀಮೆಯ ಸಿಟ್ಟು. ಎರಡನೇ ಸುತ್ತಿನಲ್ಲಿ ಪುನೋ ಪ್ರಾಂತ್ಯದಲ್ಲಿ ಅವರಿಗೆ ಶೇ. 89, ಕುಸ್ಕೋದಲ್ಲಿ ಶೇ. 83 ಮತ, ಲಿಮಾದಲ್ಲಿ ಮೂರರಲ್ಲಿ ಎರಡು ಪಾಲು ಕೇಕೋಗೆ. ಅದರ ಮೇಲೆ ಕೋವಿಡ್. ಮತದಾನಕ್ಕೆ ಆರು ದಿನವಿದ್ದಾಗ, ಮೇ 31ರಂದು, ಸರ್ಕಾರ ಸಾವಿನ ಲೆಕ್ಕವನ್ನು ಪರಿಷ್ಕರಿಸಿ ಸುಮಾರು 69,000 ಇದ್ದದ್ದನ್ನು 1,80,000ಕ್ಕೂ ಹೆಚ್ಚೆಂದು ಪ್ರಕಟಿಸಿತು. ಜಗತ್ತಿನಲ್ಲೇ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಸಾವು ಅದು.

ಜೂನ್ 6ರ ಎರಡನೇ ಸುತ್ತಿನ ಎಣಿಕೆಯನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿ ಹತ್ತಿರದಿಂದ ನೋಡಬೇಕು. ಪೆರುವಿನಲ್ಲಿ ಪ್ರತಿ ಮತಗಟ್ಟೆ ಮೇಜಿಗೆ ಹೆಚ್ಚೆಂದರೆ 300 ಮತದಾರರು. ಮೇಜು ನಡೆಸುವ ಮೂವರು ಸರ್ಕಾರಿ ನೌಕರರಲ್ಲ, ಮತದಾರರಿಂದಲೇ ಚೀಟಿ ಎತ್ತಿ ಆರಿಸಿದವರು. ಮತದಾನ ಮುಗಿದ ಕೂಡಲೇ ಅಲ್ಲೇ ಕೈಯಿಂದ ಎಣಿಸಿ, ‘ಆಕ್ತಾ’ ಎಂಬ ಲೆಕ್ಕಪತ್ರ ತುಂಬಿ, ಪಕ್ಷಗಳ ಏಜೆಂಟರ ಮುಂದೆ ಸಹಿ ಹಾಕುತ್ತಾರೆ. ಆಕ್ತಾಗಳ ಚಿತ್ರಗಳು ಅಂತರಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ನಗರದ ಆಕ್ತಾಗಳು ಮೊದಲು ಬಂದದ್ದರಿಂದ ಆ ರಾತ್ರಿ ಕೇಕೋ ಮುಂದಿದ್ದರು. ಬೆಟ್ಟಗುಡ್ಡಗಳಿಂದ ಪೆಟ್ಟಿಗೆಗಳು ಇಳಿದು ಬಂದಂತೆ ಮರುದಿನ ಕಾಸ್ತಿಯೋ ದಾಟಿ ಹೋದರು. ಅಂತಿಮ ಅಂತರ 44,263 ಮತ. ಇಬ್ಬರೂ 87 ಲಕ್ಷ ದಾಟಿದ್ದರು.

ಮೂರನೇ ಬಾರಿ ಎರಡನೇ ಸುತ್ತಿನಲ್ಲಿ ಸೋತ ಕೇಕೋ ಅಕ್ರಮದ ಆರೋಪ ಮಾಡಿ, 802 ಮೇಜುಗಳ ಸುಮಾರು 2 ಲಕ್ಷ ಮತಗಳನ್ನು ರದ್ದುಪಡಿಸಲು ಕೋರಿದರು. ಕೆಲವು ಹಳ್ಳಿಗಳಲ್ಲಿ ತಮಗೆ ಒಂದು ಮತವೂ ಬಿದ್ದಿಲ್ಲ, ಒಂದೇ ಮೇಜಿನಲ್ಲಿ ಒಂದೇ ಅಡ್ಡಹೆಸರಿನವರು ಕುಳಿತಿದ್ದಾರೆ, ಸಹಿಗಳು ಹೊಂದುತ್ತಿಲ್ಲ ಎಂಬಂಥ ವಾದಗಳು. ಬೆಟ್ಟಸೀಮೆಯ ಊರುಗಳಲ್ಲಿ ಅರ್ಧ ಊರಿಗೆ ಮಮಾನಿ, ಕಿಸ್ಪೆ ಎಂಬ ಹೆಸರಿರುವುದು ಲಿಮಾದ ವಕೀಲರಿಗೆ ಹೊಳೆದಿರಲಿಲ್ಲವೋ ಏನೋ. ಸಹಿ ತಮ್ಮದೇ ಎಂದು ಮೇಜಿನ ಸದಸ್ಯರೇ ಮುಂದೆ ಬಂದು ಹೇಳಿದರು. ರಾಷ್ಟ್ರೀಯ ಚುನಾವಣಾ ನ್ಯಾಯಮಂಡಳಿ ಹೆಚ್ಚಿನ ಅರ್ಜಿಗಳನ್ನು ಗಡುವು ಮೀರಿದ್ದಕ್ಕೆ ಅಥವಾ ಪುರಾವೆಯಿಲ್ಲದ್ದಕ್ಕೆ ತಳ್ಳಿಹಾಕಿತು. ನಡುವೆ ಆ ಮಂಡಳಿಯ ಸದಸ್ಯರೊಬ್ಬರು ಹಿಂದೆ ಸರಿದರು; ನಿವೃತ್ತ ಸೇನಾಧಿಕಾರಿಗಳು ಫಲಿತಾಂಶವನ್ನು ಮಾನ್ಯ ಮಾಡಬಾರದೆಂದು ಸೇನೆಗೆ ಪತ್ರ ಬರೆದರು; ಹಿರಿಯ ಫುಜಿಮೋರಿಯ ಗೂಢಚಾರ ಮುಖ್ಯಸ್ಥ ವ್ಲಾದಿಮಿರೋ ಮೊಂತೆಸಿನೋಸ್ ನೌಕಾನೆಲೆಯ ಸೆರೆಮನೆಯ ದೂರವಾಣಿಯಿಂದಲೇ ಮಂಡಳಿಯ ಮೇಲೆ ಪ್ರಭಾವ ಬೀರುವ ಸಂಚು ಹೂಡುತ್ತಿದ್ದ ಧ್ವನಿಮುದ್ರಿಕೆಗಳೂ ಹೊರಬಂದವು. ಆದರೂ ಮಂಡಳಿ ಅಲುಗಾಡಲಿಲ್ಲ. ಮತದಾನವಾಗಿ 43 ದಿನಗಳ ಬಳಿಕ, ಜುಲೈ 19ರಂದು, ಕಾಸ್ತಿಯೋ ಗೆಲುವು ಘೋಷಣೆಯಾಯಿತು. ಸ್ವಾತಂತ್ರ್ಯದ ಇನ್ನೂರನೇ ವರ್ಷದ ದಿನವಾದ ಜುಲೈ 28ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. 130ರಲ್ಲಿ ಅವರ ಪಕ್ಷಕ್ಕಿದ್ದದ್ದು 37 ಸ್ಥಾನ, ಕಥೆ ಮತ್ತೆ ಅಲ್ಲಿಗೇ ಬಂದು ನಿಂತಿತು. ಎರಡು ಪದಚ್ಯುತಿ ನಿರ್ಣಯಗಳಿಂದ ಪಾರಾದ ಅವರು, ಮೂರನೆಯದು ಮತಕ್ಕೆ ಬರಲಿದ್ದ 2022ರ ಡಿಸೆಂಬರ್ 7ರಂದು ಅಧಿಕಾರವಿಲ್ಲದಿದ್ದರೂ ಸಂಸತ್ತನ್ನು ವಿಸರ್ಜಿಸಿದ್ದಾಗಿ ಘೋಷಿಸಿ, ಕೆಲವೇ ಗಂಟೆಗಳಲ್ಲಿ 101 ಮತಗಳಿಂದ ಪದಚ್ಯುತರಾಗಿ ಬಂಧನಕ್ಕೊಳಗಾದರು.

ಈಗ ಮೂರನೆಯದು, ವಿಸ್ಕಾರಾ ಮೇಲಿನ ಆರೋಪ. 2021ರ ಫೆಬ್ರುವರಿಯಲ್ಲೇ ಅವರ ಹೆಸರಿಗೆ ಮಸಿ ಮೆತ್ತಿಕೊಂಡಿತ್ತು: ದೇಶಕ್ಕೆ ಲಸಿಕೆ ಬರುವ ಮೊದಲೇ, ಸಿನೊಫಾರ್ಮ್ ಲಸಿಕೆಯ ಪ್ರಯೋಗಕ್ಕೆಂದು ಬಂದಿದ್ದ ಹೆಚ್ಚುವರಿ ಡೋಸ್‌ಗಳನ್ನು ಗುಟ್ಟಾಗಿ ಪಡೆದ 487 ಜನರ ಪಟ್ಟಿಯಲ್ಲಿ ಅವರಿದ್ದರು. ಆ ಕಾರಣಕ್ಕೆ ಸಂಸತ್ತು ಅವರು ಹತ್ತು ವರ್ಷ ಯಾವ ಸಾರ್ವಜನಿಕ ಹುದ್ದೆಯನ್ನೂ ಹಿಡಿಯದಂತೆ ನಿಷೇಧಿಸಿತು. ಮೊಕೇಗ್ವಾ ಪ್ರಕರಣದಲ್ಲಿ ಪೂರ್ಣ ಪ್ರಮಾಣದ ವಿಚಾರಣೆ ನಡೆದು, 2025ರ ನವೆಂಬರ್‌ನಲ್ಲಿ ನ್ಯಾಯಾಲಯ ಅವರಿಗೆ 14 ವರ್ಷ ಸೆರೆವಾಸ ವಿಧಿಸಿತು. ಹಾಗಾಗಿ ಆರೋಪ ನಿಜವಾಗಿತ್ತೇ ಎಂಬ ಪ್ರಶ್ನೆಗೆ ವಿಚಾರಣಾ ನ್ಯಾಯಾಲಯ ಕೊಟ್ಟ ಉತ್ತರ ಹೌದು ಎಂದೇ. ಅಂದಮಾತ್ರಕ್ಕೆ 2020ರ ಪದಚ್ಯುತಿ ಸರಿಯಾಗಿತ್ತೆಂದು ನಾನು ಹೇಳಲಾರೆ. ನ್ಯಾಯಾಲಯ ವರ್ಷಗಟ್ಟಲೆ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿ ತಲುಪಿದ ತೀರ್ಮಾನಕ್ಕೆ, ಸಂಸತ್ತು ಪತ್ರಿಕೆಗಳಿಗೆ ಸೋರಿದ ಹೇಳಿಕೆಗಳನ್ನು ಓದಿ ಒಂದು ದಿನದ ಚರ್ಚೆಯಲ್ಲಿ ತಲುಪಿತ್ತು. 113ನೇ ವಿಧಿ ಅದಕ್ಕಿಂತ ಹೆಚ್ಚಿನದನ್ನು ಕೇಳುವುದೂ ಇಲ್ಲ. ಆ ವಿಧಿಯ ವ್ಯಾಪ್ತಿಯನ್ನು ಸ್ಪಷ್ಟಪಡಿಸುವ ಅವಕಾಶ 2020ರ ನವೆಂಬರ್ 19ರಂದು ಸಾಂವಿಧಾನಿಕ ನ್ಯಾಯಮಂಡಳಿಯ ಮುಂದಿತ್ತು. ಪದಚ್ಯುತಿ ಮುಗಿದುಹೋದ ಸಂಗತಿಯೆಂದು 4–3ರ ಬಹುಮತದಿಂದ ಹೇಳಿ, ಅದು ಪ್ರಕರಣವನ್ನು ಕೈಬಿಟ್ಟಿತು. ಕಾಸ್ತಿಯೋ ಬಳಿಕ ಬಂದ ದೀನಾ ಬೊಲುವಾರ್ತೆ ಅವರನ್ನು 2025ರ ಅಕ್ಟೋಬರ್‌ನಲ್ಲಿ ಸಂಸತ್ತು ರಾತ್ರೋರಾತ್ರಿ ಇಳಿಸಿದ್ದೂ ಅದೇ ‘ಶಾಶ್ವತ ನೈತಿಕ ಅಸಮರ್ಥತೆ’ಯ ಹೆಸರಿನಲ್ಲಿ.